ಆಟದ ಪುಸ್ತಕ ಕೊಳ್ಳುವ ಮೊದಲು ಇಸವಿ ನೋಡಿ



ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಹಾಕಿ ಮಾಂತ್ರಿಕ ಧ್ಯಾನ್‌ಚಂದ್ 1905ರಲ್ಲಿ ಹುಟ್ಟಿದ ದಿನ ಅದು. ಅಂದು ಮಕ್ಕಳಿಗೆ ಓಟ, ಕಬಡ್ಡಿ, ಹಗ್ಗಜಗ್ಗಾಟ ಏರ್ಪಡಿಸುವುದು, ಗೆದ್ದವರಿಗೆ ಸ್ಟೀಲ್ ಲೋಟವನ್ನೋ ಊಟದ ಡಬ್ಬಿಯನ್ನೋ ಕೊಡುವುದು ಕನ್ನಡ ಸಂಘಗಳಲ್ಲಿ ಬಹಳ ಕಡೆ ರೂಢಿ. ಬಹುಮಾನವಾಗಿ ಪುಸ್ತಕ ಕೊಡಬಹುದೇ, ವಾಚನಾಲಯದಲ್ಲಿ ಕ್ರೀಡೆಗೆಂದೇ ಒಂದು ಕಪಾಟು ಇಟ್ಟರೆ ಅದರಲ್ಲಿ ಯಾವ ಪುಸ್ತಕಗಳಿರಬೇಕು ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ಈ ಬರಹ.

ಪುಸ್ತಕಗಳ ಹೆಸರು ಹೇಳುವ ಮೊದಲು ಒಂದು ವಿಷಯ ತಿಳಿಸಬೇಕು. ಆಟದ ಪುಸ್ತಕಗಳೆಲ್ಲ ಒಂದೇ ಜಾತಿಯವಲ್ಲ. ನಿಯಮ ಹೇಳುವ ಪುಸ್ತಕ ಬೇರೆ, ಆಡುವುದನ್ನು ಕಲಿಸುವ ಪುಸ್ತಕ ಬೇರೆ, ಆಡಿದವರ ಬದುಕನ್ನೂ ಆಟದ ಚರಿತ್ರೆಯನ್ನೂ ಹೇಳುವ ಪುಸ್ತಕ ಬೇರೆ. ನಿಯಮದ ಪುಸ್ತಕ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ತರಬೇತಿಯ ಪುಸ್ತಕದಲ್ಲಿ ಅರ್ಧ ಹಳತಾಗುತ್ತದೆ, ಅರ್ಧ ಉಳಿಯುತ್ತದೆ. ಚರಿತ್ರೆಯ ಪುಸ್ತಕ ಹಳತಾದಷ್ಟೂ ಬೆಲೆ ಬಾಳುತ್ತದೆ. ಆದ್ದರಿಂದ ಕ್ರೀಡೆಯ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದ್ದು ಅದು ಅಚ್ಚಾದ ಇಸವಿಯನ್ನು. ಸಂಘಗಳ ಹಣ ಅಷ್ಟಿಷ್ಟೇ. ಅದು ಸರಿಯಾದ ಪುಸ್ತಕಕ್ಕೆ ಹೋಗಲಿ ಎಂಬುದು ನಮ್ಮ ಆಸೆ.

ನಿಯಮದ ಪುಸ್ತಕ: ಹೊಸದೇ ಬೇಕು

ಹಳೆಯ ಹಾಕಿ ಪುಸ್ತಕ ತೆರೆದರೆ ಪಂದ್ಯ 35 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತದೆ ಎಂದಿರುತ್ತದೆ. ಈಗ ಅಂತರರಾಷ್ಟ್ರೀಯ ಪಂದ್ಯಗಳು ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ನಡೆಯುತ್ತವೆ. ಹಳೆಯ ಪುಸ್ತಕದಲ್ಲಿ ಆಫ್‌ಸೈಡ್ ವಿವರಣೆಗೇ ಚಿತ್ರಸಹಿತ ಒಂದೆರಡು ಪುಟ ಮೀಸಲು. ಹಾಕಿಯಲ್ಲಿ ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ರದ್ದಾಗಿದೆ. ಫ್ರೀ ಹಿಟ್ ಸಿಕ್ಕಿದವರು ಮೊದಲು ಚೆಂಡನ್ನು ಬೇರೆಯವರಿಗೆ ಕೊಡಲೇಬೇಕಿತ್ತು. 2009ರಿಂದ ತಾವೇ ಚೆಂಡನ್ನು ಕೋಲಿನಿಂದ ಮುಂದೆ ಒಯ್ಯಬಹುದು. ಪೆನಾಲ್ಟಿ ಕಾರ್ನರಿನಲ್ಲಿ ಹಿಂದೆ ಚೆಂಡನ್ನು ಕೈಯಿಂದ ನಿಲ್ಲಿಸಲು ಅವಕಾಶವಿತ್ತು, ಈಗಿಲ್ಲ.

ಇದರಿಂದ ಆಗುವ ತೊಂದರೆ ಚಿಕ್ಕದಲ್ಲ. ಆಫ್‌ಸೈಡ್ ಇದೆಯೆಂದು ನಂಬಿದ ಮಗು ಗೋಲಿನ ಹತ್ತಿರ ಹೋಗಿ ನಿಲ್ಲಲು ಹೆದರುತ್ತದೆ. ಎದುರಾಳಿ ತಂಡದ ಹುಡುಗಿ ಅಲ್ಲೇ ನಿಂತು ಗೋಲು ಹೊಡೆದು ಹೋಗುತ್ತಾಳೆ. ತಾಲ್ಲೂಕು ಮಟ್ಟದ ಆಯ್ಕೆಯಲ್ಲಿ ಹೀಗೆ ಸೋತ ಮಗುವಿಗೆ ತನ್ನ ತಪ್ಪೇನೆಂದೇ ತಿಳಿಯುವುದಿಲ್ಲ. ತಪ್ಪು ಪುಸ್ತಕದ್ದು.

ಬೇರೆ ಆಟಗಳಲ್ಲೂ ಹೀಗೆಯೇ. ವಾಲಿಬಾಲ್‌ನಲ್ಲಿ ಹಿಂದೆ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಸೆಟ್ 15ಕ್ಕೆ ಮುಗಿಯುತ್ತಿತ್ತು. 1990ರ ದಶಕದ ಕೊನೆಯಿಂದ ಪ್ರತಿ ರ‍್ಯಾಲಿಗೂ ಪಾಯಿಂಟ್ ಉಂಟು. ಸೆಟ್ 25ಕ್ಕೆ, ಐದನೇ ಸೆಟ್ ಮಾತ್ರ 15ಕ್ಕೆ. ಬ್ಯಾಡ್ಮಿಂಟನ್ 2006ರಲ್ಲಿ 21 ಪಾಯಿಂಟ್‌ಗಳ ಆಟವಾಯಿತು. ಕಬಡ್ಡಿಯಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ 30 ಸೆಕೆಂಡಿನ ರೈಡ್, ‘ಡೂ ಆರ್ ಡೈ’ ರೈಡ್ ಎಂಬ ಮಾತುಗಳು ಚಿಕ್ಕ ಮಕ್ಕಳ ಬಾಯಲ್ಲೂ ಬಂದಿವೆ. ಮಕ್ಕಳಿಗೆ ಟಿ.ವಿ. ನೋಡಿ ಗೊತ್ತಿರುವ ನಿಯಮ ನಮ್ಮ ಕಪಾಟಿನ ಪುಸ್ತಕದಲ್ಲಿ ಇಲ್ಲದಿದ್ದರೆ ಅವರು ಆ ಪುಸ್ತಕವನ್ನು ನಂಬುವುದಾದರೂ ಹೇಗೆ?

ಹಾಗಾಗಿ ನಿಯಮದ ಪುಸ್ತಕಕ್ಕೆ ದುಡ್ಡು ಹಾಕಬೇಡಿ ಎನ್ನುವುದು ನಮ್ಮ ಸಲಹೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ತನ್ನ ಈಗಿನ ನಿಯಮಪುಸ್ತಕವನ್ನು ಉಚಿತವಾಗಿಯೇ ಕೊಡುತ್ತದೆ. ಅದನ್ನು ಇಳಿಸಿಕೊಂಡು ಮುದ್ರಿಸಿ, ದಾರ ಹಾಕಿ ಹೊಲಿದು ಇಟ್ಟರೆ ಸಾಕು. ಮುಖಪುಟದ ಮೇಲೆ ಇಸವಿಯನ್ನು ದಪ್ಪಗೆ ಬರೆಯಿರಿ. ಹೊಸದು ಬಂದಾಗ ಹಳೆಯದನ್ನು ಚರಿತ್ರೆಯ ಸಾಲಿಗೆ ಸರಿಸಿ.

ಹಳೆಯ ನಿಯಮಪುಸ್ತಕದಿಂದ ಒಂದು ಲಾಭವಿದೆ. ಹಾಕಿ ಮೈದಾನದ ಅಳತೆ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಗೋಲಿನ ಮುಂದಿನ ವೃತ್ತ 14.63 ಮೀಟರ್. ಪೆನಾಲ್ಟಿ ಸ್ಟ್ರೋಕ್ 6.40 ಮೀಟರ್ ದೂರದಿಂದ. ಈ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವು ಎಂದು ಮಕ್ಕಳು ಕೇಳುತ್ತಾರೆ. ಇವು ಇಂಗ್ಲೆಂಡಿನ ಗಜದ ಲೆಕ್ಕ: ಮೈದಾನ 100 ಗಜ ಉದ್ದ, 60 ಗಜ ಅಗಲ, ಗೋಲು 4 ಗಜ ಅಗಲ, 7 ಅಡಿ ಎತ್ತರ, ವೃತ್ತ 16 ಗಜ, ಸ್ಟ್ರೋಕ್ 7 ಗಜ. ಹಳೆಯ ಪುಸ್ತಕದಲ್ಲಿ ಈ ಗಜದ ಲೆಕ್ಕವೇ ಇರುತ್ತದೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಮಾಸ್ತರರಿಗೆ ದಶಾಂಶಕ್ಕಿಂತ ಇದು ನೆನಪಿಡಲು ಸುಲಭ.

ತರಬೇತಿಯ ಪುಸ್ತಕ: ಯಾವ ನೆಲಕ್ಕೆ ಬರೆದದ್ದು?

ಜರ್ಮನಿಯ ಹಾಕಿ ಕೋಚ್ ಹೋರ್ಸ್ಟ್ ವೈನ್ ಬರೆದ ‘ದ ಸೈನ್ಸ್ ಆಫ್ ಹಾಕಿ’ 1973ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕೋಚ್‌ಗಳು ಬಹುಕಾಲ ಕೈಯಲ್ಲಿ ಹಿಡಿದು ಓಡಾಡಿದ ಪುಸ್ತಕ ಅದು. ಇದೇ ವೈನ್ ತರಬೇತಿ ಕೊಟ್ಟ ಸ್ಪೇನ್ ತಂಡ 1980ರ ಮಾಸ್ಕೋ ಒಲಿಂಪಿಕ್ಸಿನ ಫೈನಲ್‌ನಲ್ಲಿ ಭಾರತಕ್ಕೆ ಸೋತು ಬೆಳ್ಳಿ ಪಡೆಯಿತು. ಪುಸ್ತಕ ಬಂದ ಮೂರು ವರ್ಷಕ್ಕೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ, ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಹಾಸಿನ ಮೇಲೆ ಆಡಿಸಿದರು. ಆ ಸಲ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಅಲ್ಲಿಯವರೆಗೆ ನಡೆದ ಒಲಿಂಪಿಕ್ಸುಗಳಲ್ಲಿ ಏಳು ಚಿನ್ನ ಗೆದ್ದಿದ್ದ ತಂಡ ಅದು. ಎಂಟನೆಯದು 1980ರಲ್ಲಿ ಬಂತು. ಅದಾದ ಮೇಲೆ ಮುಂದಿನ ಪದಕ, ಒಂದು ಕಂಚು, ಬರಲು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ತನಕ ಕಾಯಬೇಕಾಯಿತು.

ನೆಲ ಬದಲಾದರೆ ಆಟ ಏಕೆ ಬದಲಾಗುತ್ತದೆ? ಹುಲ್ಲುನೆಲದಲ್ಲಿ ಚೆಂಡು ಪುಟಿಯುತ್ತದೆ, ದಾರಿ ತಪ್ಪುತ್ತದೆ. ಅದನ್ನು ನಿಲ್ಲಿಸುವುದೇ ಒಂದು ವಿದ್ಯೆ. ನಿಲ್ಲಿಸಿದ ಮೇಲೆ ಮಣಿಕಟ್ಟಿನ ಚಳಕದಿಂದ ಎಡಬಲ ಆಡಿಸಿ ಎದುರಾಳಿಯನ್ನು ದಾಟುವುದು ನಮ್ಮವರ ಹೆಚ್ಚುಗಾರಿಕೆಯಾಗಿತ್ತು. ಟರ್ಫ್ ಮೇಲೆ ಚೆಂಡು ಗೆರೆ ಹೊಡೆದಂತೆ ನೇರವಾಗಿ, ವೇಗವಾಗಿ ಹೋಗುತ್ತದೆ. ಯಾರು ಬೇಕಾದರೂ ಸಲೀಸಾಗಿ ನಿಲ್ಲಿಸಬಲ್ಲರು. ಕೋಲನ್ನು ನೆಲಕ್ಕೆ ಅಡ್ಡ ಮಲಗಿಸಿಯೂ ನಿಲ್ಲಿಸಬಹುದು. ಆಗ ಗೆಲ್ಲುವುದು ಹೆಚ್ಚು ಓಡಬಲ್ಲವರು, ಬೇಗ ಪಾಸ್ ಕೊಡಬಲ್ಲವರು, ಪೆನಾಲ್ಟಿ ಕಾರ್ನರಿನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡಬಲ್ಲವರು. ಹಾಗೆಂದರೆ 1976ಕ್ಕೆ ಮೊದಲಿನ ತರಬೇತಿ ಪುಸ್ತಕ ಒಂದು ನೆಲಕ್ಕೆ, ಆಮೇಲಿನದು ಇನ್ನೊಂದು ನೆಲಕ್ಕೆ.

ಹಾಗಾದರೆ ವೈನ್ ಅವರ ಪುಸ್ತಕ ರದ್ದಿಗೆ ಹಾಕಬೇಕೇ? ಖಂಡಿತ ಬೇಡ. ನಮ್ಮ ಊರುಗಳ ಶಾಲೆಯ ಮಕ್ಕಳು ಹೆಚ್ಚಿನವರು ಆಡುವುದು ಮಣ್ಣಿನ ಮೈದಾನದಲ್ಲಿ. ಕಲ್ಲು, ಗುಂಡಿ, ಗರಿಕೆಯ ನಡುವೆ ಚೆಂಡು ಹೇಗೆ ಪುಟಿಯುತ್ತದೆಂದು ಅವರಿಗೆ ದಿನವೂ ಗೊತ್ತು. ಅವರಿಗೆ ಹುಲ್ಲುನೆಲದ ಕಾಲದ ಪುಸ್ತಕವೇ ಹೆಚ್ಚು ಹತ್ತಿರ. ಆದರೆ ಅದೇ ಮಗು ಆಯ್ಕೆಯಾಗಿ ಟರ್ಫ್ ಮೇಲೆ ಕಾಲಿಟ್ಟ ದಿನ ಹೊಸ ಪಾಠ ಬೇಕು. ಎರಡೂ ಪುಸ್ತಕ ಇಡಿ. ಯಾವುದು ಯಾವ ನೆಲಕ್ಕೆ ಎಂದು ಒಳಪುಟದಲ್ಲಿ ಒಂದು ಚೀಟಿ ಅಂಟಿಸಿ.

ಹೊಸ ಕಾಲದವುಗಳಲ್ಲಿ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಬರೆದ ‘ದ ಕೋಚ್’ (2001) ಒಳ್ಳೆಯದು. ಅವರು ವೃತ್ತಿಯಿಂದ ವೈದ್ಯರು. ಆಟಗಾರರಾಗಿ ಒಲಿಂಪಿಕ್ಸ್ ಆಡಿದವರು. ಹತ್ತು ವರ್ಷ ಅಲ್ಲಿನ ಸಂಸತ್ತಿನಲ್ಲೂ ಇದ್ದವರು. ಅವರ ಕೈಕೆಳಗೆ ಆಸ್ಟ್ರೇಲಿಯಾದ ಮಹಿಳಾ ತಂಡ 1996 ಮತ್ತು 2000ದ ಒಲಿಂಪಿಕ್ಸುಗಳಲ್ಲಿ ಚಿನ್ನ ಗೆದ್ದಿತು. ಕೋಲು ಹಿಡಿಯುವುದು ಹೇಗೆಂದು ಹೇಳುವ ಪುಸ್ತಕವಲ್ಲ ಇದು; ಆಟಗಾರರನ್ನು ಒಂದು ತಂಡವಾಗಿ ಹೇಗೆ ನಡೆಸಬೇಕು ಎನ್ನುವುದು ಇದರ ವಿಷಯ. ಇಂಥದು ನಿಧಾನವಾಗಿ ಹಳತಾಗುತ್ತದೆ. ದೈಹಿಕ ಶಿಕ್ಷಕರಿಗೆ ಕೊಡಲು ತಕ್ಕುದು.

ಕಲ್ಯಾಣದಲ್ಲೇ ಬರೆದ ತರಬೇತಿಯ ಪುಸ್ತಕ

ತರಬೇತಿಯ ಪುಸ್ತಕವೆಂದರೆ ಪರದೇಶದ್ದೇ ಎಂದು ತಿಳಿಯಬೇಕಿಲ್ಲ. ಅಕ್ಕಲಕೋಟೆ, ಸೊಲ್ಲಾಪುರ, ಜಹೀರಾಬಾದ್ ಕಡೆಯ ಸದಸ್ಯರಿಗೆ ಬಸವಕಲ್ಯಾಣ ದೂರವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸಂಗೀತ, ಬೇಟೆಗಳ ಜೊತೆಗೆ ಮಲ್ಲವಿನೋದ ಎಂಬ ಅಧ್ಯಾಯವೂ ಇದೆ. ಕುಸ್ತಿಯ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುವ ಕ್ರಮ ಅಲ್ಲಿದೆ. ಅವರ ಆಹಾರದ ವಿಷಯವಿದೆ. ದಿನದ ಸಾಧನೆಗೆ ಹೆಸರುಗಳಿವೆ: ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಈ ಸ್ತಂಭಶ್ರಮವೇ ಇಂದಿನ ಮಲ್ಲಕಂಬದ ಹಿಂದಿನ ರೂಪವೆಂದು ಬಲ್ಲವರು ಹೇಳುತ್ತಾರೆ. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು ಮೂರು ಸಂಪುಟಗಳಾಗಿ ಅಚ್ಚಾಗಿದೆ.

ಇಷ್ಟು ಹಳೆಯ ಪುಸ್ತಕದಿಂದ ಇಂದು ಏನು ಕಲಿಯಬಹುದು? ಅದರ ಪಟ್ಟುಗಳನ್ನು ಇಂದಿನ ಮ್ಯಾಟ್ ಮೇಲೆ ಹಾಗೆಯೇ ಪ್ರಯೋಗಿಸಲಾಗದು. ಆದರೆ ಎಳೆಯನಿಗೂ ಪಳಗಿದವನಿಗೂ ಒಂದೇ ಕಸರತ್ತು ಕೊಡಬಾರದು, ಒಂದೇ ಬಗೆಯ ಸಾಧನೆ ದಿನವೂ ಬೇಡ, ಊಟವೂ ತರಬೇತಿಯ ಭಾಗ ಎನ್ನುವ ತಿಳಿವಳಿಕೆ ಸುಮಾರು 900 ವರ್ಷವಾದರೂ ಮಾಸಿಲ್ಲ. ತರಬೇತಿಯ ಪುಸ್ತಕದಲ್ಲಿ ಅರ್ಧ ಉಳಿಯುತ್ತದೆ ಎಂದು ಮೊದಲೇ ಹೇಳಿದ್ದು ಈ ಅರ್ಥದಲ್ಲಿ.

ಮರಾಠಿ ಓದಬಲ್ಲ ಸದಸ್ಯರಿಗೆ ಇನ್ನೊಂದು ನಿಧಿಯಿದೆ. ಬರೋಡಾದ ದ. ಚಿ. ಮಜುಮ್‌ದಾರ್ ಸಂಪಾದಿಸಿದ ‘ವ್ಯಾಯಾಮ ಜ್ಞಾನಕೋಶ’ 1936ರಿಂದ 1949ರ ನಡುವೆ ಹತ್ತು ಸಂಪುಟಗಳಲ್ಲಿ ಹೊರಬಂತು. ಕುಸ್ತಿ, ಮಲ್ಲಕಂಬ, ಲಾಠಿ, ದಂಡ ಬೈಠಕ್ ಎಲ್ಲವೂ ಚಿತ್ರಸಹಿತ ಅದರಲ್ಲಿವೆ. ತಾಲೀಮಿನಲ್ಲಿ ಬೆಳೆದ ಹಿರಿಯರಿರುವ ಊರುಗಳಲ್ಲಿ ಒಂದು ಸಂಪುಟ ಸಿಕ್ಕರೂ ಸಾಕು, ಸಂಜೆಯ ಮಾತುಕತೆಗೆ ಬೇರೆ ವಿಷಯ ಬೇಡ. ಇದಕ್ಕೆ ಜೊತೆಯಾಗಿ ಜೋಸೆಫ್ ಆಲ್ಟರ್ ಎಂಬ ವಿದ್ವಾಂಸರು ಕಾಶಿಯ ಅಖಾಡಗಳಲ್ಲಿ ತಿರುಗಾಡಿ ಬರೆದ ‘ದ ರೆಸ್ಲರ್ಸ್ ಬಾಡಿ’ (1992) ಇದೆ. ಪೈಲ್ವಾನನ ಹಾಲು, ತುಪ್ಪ, ಬಾದಾಮಿಯಿಂದ ಹಿಡಿದು ಅವನ ನೇಮನಿಷ್ಠೆಯವರೆಗೆ ಎಲ್ಲವನ್ನೂ ಅದು ವಿವರಿಸುತ್ತದೆ.

ಕನ್ನಡದ ಓದುಗರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ. ವಿ. ಅಯ್ಯರ್ ಅವರನ್ನು ಬಲ್ಲರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರೂ ಅವರೇ. ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸಿಕ್’ ಎಂಬ ಅಂಗಸಾಧನೆಯ ಪುಸ್ತಕಗಳನ್ನು 1930ರ ದಶಕದಲ್ಲಿ ಇಂಗ್ಲಿಷಿನಲ್ಲಿ ಬರೆದವರೂ ಅವರೇ. ಓದುವ ಹುಡುಗ ಬೇರೆ, ಆಡುವ ಹುಡುಗ ಬೇರೆ ಎನ್ನುವವರಿಗೆ ಇವರ ಹೆಸರು ಹೇಳಬೇಕು.

ಆಡಿದವರೇ ಬರೆದ ಪುಸ್ತಕ

ಧ್ಯಾನ್‌ಚಂದ್ ಅವರ ಆತ್ಮಕಥೆ ‘ಗೋಲ್’ 1952ರಲ್ಲಿ ಮದರಾಸಿನಿಂದ ಪ್ರಕಟವಾಯಿತು. 1928ರ ಆಮ್‌ಸ್ಟರ್‌ಡ್ಯಾಮ್, 1932ರ ಲಾಸ್ ಏಂಜಲೀಸ್, 1936ರ ಬರ್ಲಿನ್ ಒಲಿಂಪಿಕ್ಸುಗಳಲ್ಲಿ ಮೂರು ಚಿನ್ನ ಗೆದ್ದ ಆಟಗಾರ ತನ್ನ ಕಥೆಯನ್ನು ತಾನೇ ಹೇಳುವ ಪುಸ್ತಕ. ಬರ್ಲಿನ್ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿದ್ದು ನಮಗೆಲ್ಲ ಗೊತ್ತು. ಆ ಪಂದ್ಯ ಮಳೆಯಿಂದಾಗಿ ಒಂದು ದಿನ ಮುಂದೆ ಹೋಗಿ ಆಗಸ್ಟ್ 15ರಂದು ನಡೆಯಿತು. ಹನ್ನೊಂದು ವರ್ಷದ ನಂತರ ಅದೇ ದಿನ ನಮಗೆ ಸ್ವಾತಂತ್ರ್ಯ ಬಂತು. ಆದರೆ ಒಲಿಂಪಿಕ್ಸಿಗೆ ಮುಂಚೆ ಅದೇ ಜರ್ಮನಿಯ ಎದುರು ಅಭ್ಯಾಸ ಪಂದ್ಯದಲ್ಲಿ ಭಾರತ 4–1ರಿಂದ ಸೋತಿತ್ತು. ಆ ಸೋಲು ತಂಡವನ್ನು ಕಂಗೆಡಿಸಿತು. ಭಾರತದಿಂದ ದಾರಾ ಎಂಬ ಆಟಗಾರನನ್ನು ಅವಸರವಾಗಿ ಕರೆಸಿಕೊಂಡರು. ಮಕ್ಕಳಿಗೆ 8–1ರ ಕಥೆಯ ಜೊತೆಗೆ ಈ 4–1ರ ಕಥೆಯನ್ನೂ ಹೇಳಬೇಕು.

ಧ್ಯಾನ್‌ಚಂದ್ ಬಗ್ಗೆ ಕಥೆಗಳು ಬಹಳ. ಹಾಲೆಂಡಿನಲ್ಲಿ ಅವರ ಕೋಲು ಮುರಿದು ಒಳಗೆ ಅಯಸ್ಕಾಂತವಿದೆಯೇ ಎಂದು ನೋಡಿದರಂತೆ, ಹಿಟ್ಲರ್ ಸೈನ್ಯದಲ್ಲಿ ಹುದ್ದೆ ಕೊಡುತ್ತೇನೆಂದನಂತೆ. ಭಾಷಣದಲ್ಲಿ ಇಂಥದನ್ನು ಹೇಳುವ ಮೊದಲು ‘ಗೋಲ್’ ತೆರೆದು, ಅವರೇ ಅದನ್ನು ಬರೆದಿದ್ದಾರೆಯೇ ಎಂದು ಹುಡುಕಿ ನೋಡಬೇಕು. ಹೈಸ್ಕೂಲು ಮಕ್ಕಳಿಗೆ ಇದನ್ನೇ ಒಂದು ಸ್ಪರ್ಧೆಯಾಗಿ ಕೊಡಬಹುದು. ಕೇಳಿದ ಕಥೆ ಯಾವುದು, ಆಡಿದವರು ಬರೆದ ಮಾತು ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ಹಾಕಿಗೆ ಮಾತ್ರವಲ್ಲ, ಎಲ್ಲ ಓದಿಗೂ ಬೇಕು.

ಇನ್ನೊಂದು ಜೋಡಿ ಓದು ನೋಡಿ. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಿತು. ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ತಂಡದ ಮ್ಯಾನೇಜರ್ ಆಗಿದ್ದವರು 1948, 1952, 1956ರ ಚಿನ್ನದ ತಂಡಗಳಲ್ಲಿ ಆಡಿದ ಬಲ್ಬೀರ್ ಸಿಂಗ್ ಸೀನಿಯರ್. ಅವರ ಆತ್ಮಕಥೆ ‘ದ ಗೋಲ್ಡನ್ ಹ್ಯಾಟ್ರಿಕ್’ (1977). ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಎದುರು ಸೋಲು ಕಣ್ಣ ಮುಂದಿದ್ದಾಗ ಬೆಂಚಿನಿಂದ ಎದ್ದು ಬಂದು ಪೆನಾಲ್ಟಿ ಕಾರ್ನರಿನಲ್ಲಿ ಸಮಬಲದ ಗೋಲು ಹೊಡೆದವರು ಅಸ್ಲಂ ಶೇರ್ ಖಾನ್. ಅವರ ಪುಸ್ತಕದ ಹೆಸರೇ ‘ಟು ಹೆಲ್ ವಿತ್ ಹಾಕಿ’ (1982). ಒಬ್ಬರು ತಂಡ ಕಟ್ಟಿದವರು, ಇನ್ನೊಬ್ಬರು ಕರೆಗಾಗಿ ಬೆಂಚಿನಲ್ಲಿ ಕಾದವರು. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಭಾರತದ ಹಾಕಿಯ ಒಳಹೊರಗು ತಿಳಿಯುತ್ತದೆ.

ಬೇರೆ ಆಟಗಳಲ್ಲಿ ಕರ್ನಾಟಕದವರ ಕಥೆ ಬೇಕೆಂದರೆ ಪ್ರಕಾಶ್ ಪಡುಕೋಣೆ ಅವರ ಬಗ್ಗೆ ದೇವ್ ಎಸ್. ಸುಕುಮಾರ್ ಬರೆದ ‘ಟಚ್ ಪ್ಲೇ’, ಎರಪಳ್ಳಿ ಪ್ರಸನ್ನ ಅವರ ‘ಒನ್ ಮೋರ್ ಓವರ್’, ಗುಂಡಪ್ಪ ವಿಶ್ವನಾಥ್ ಅವರ ‘ರಿಸ್ಟ್ ಅಶ್ಯೂರ್ಡ್’ ಇವೆ.

ಚರಿತ್ರೆಯ ಪುಸ್ತಕ: ಆಟದಾಚೆಗೂ ನೋಡುವುದು

ಯಾರು ಗೆದ್ದರು, ಎಷ್ಟು ಗೋಲು ಎಂಬುದನ್ನು ಮಾತ್ರ ಬರೆದರೆ ಅದು ದಾಖಲೆ. ಯಾರಿಗೆ ಆಡಲು ಬಿಟ್ಟರು, ಯಾರಿಗೆ ಬಿಡಲಿಲ್ಲ ಎಂದು ಕೇಳಿದರೆ ಅದು ಚರಿತ್ರೆ. ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002) ಇಂಥ ಪುಸ್ತಕ. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಎಂಬ ದಲಿತ ಬೌಲರನ ಕಥೆಯನ್ನು ಅದು ಮತ್ತೆ ಬೆಳಕಿಗೆ ತಂದಿತು. ಪುಣೆಯಲ್ಲಿ ಅವರು ಹಿಂದೂ ತಂಡಕ್ಕಾಗಿ ಬೌಲ್ ಮಾಡುತ್ತಿದ್ದರು. ವಿರಾಮದಲ್ಲಿ ಅವರಿಗೆ ಮಾತ್ರ ಹೊರಗೆ, ಮಣ್ಣಿನ ಬೇರೆ ಲೋಟದಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಬೌಲರ್ ಅವರು. ಅವರಿಗೆ ಸಿಗದ ನಾಯಕತ್ವ ಮುಂದೆ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು. ಧಾರವಾಡದ ಮಣ್ಣಿನಲ್ಲಿ ಹುಟ್ಟಿದ ಈ ಆಟಗಾರನ ಹೆಸರು ನಮ್ಮಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?

ಹಾಕಿಯಲ್ಲೂ ಇಂಥದೊಂದು ಕಥೆಯಿದೆ. 1928ರಲ್ಲಿ ಮೊದಲ ಚಿನ್ನ ಗೆದ್ದ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ, ಇಂದಿನ ಝಾರ್ಖಂಡದ ಆದಿವಾಸಿ. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದವರು. ಅವರು ತಮ್ಮ ಬದುಕಿನ ಕಥೆ ಬರೆದಿಟ್ಟು 1970ರಲ್ಲಿ ತೀರಿಕೊಂಡರು. ಅದು ‘ಲೋ ಬೀರ್ ಸೇಂದ್ರಾ’ ಎಂಬ ಹೆಸರಿನಲ್ಲಿ ಪುಸ್ತಕವಾದದ್ದು 2004ರಲ್ಲಿ. ಮೊದಲ ಚಿನ್ನದ ನಾಯಕನ ಮಾತು ಓದುಗರಿಗೆ ತಲುಪಲು ಅವರು ಹೋದ ಮೇಲೂ 34 ವರ್ಷ ಬೇಕಾಯಿತು. ಹಸ್ತಪ್ರತಿ ಎಲ್ಲೋ ಗೆದ್ದಲು ಹಿಡಿದಿದ್ದರೆ ಅಷ್ಟೂ ಹೋಗುತ್ತಿತ್ತು.

ನಾವೇ ಬರೆಯಬೇಕಾದ ಪುಸ್ತಕ

ಇಲ್ಲಿಯವರೆಗೆ ಹೇಳಿದವು ಕೊಂಡು ತರಬಹುದಾದ ಪುಸ್ತಕಗಳು. ಬಹುಪಾಲು ಇಂಗ್ಲಿಷಿನವು. ಎಂಟನೇ ತರಗತಿಯ ಮಗುವಿಗೆ ನೇರವಾಗಿ ಕೊಟ್ಟರೆ ಪ್ರಯೋಜನವಾಗದು. ಒಬ್ಬರು ಓದಿ, ಒಂದು ಅಧ್ಯಾಯವನ್ನು ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅದು ಮಕ್ಕಳಿಗೆ ಮುಟ್ಟುತ್ತದೆ. ಬರೆಯುವಾಗ ಮೈದಾನದಲ್ಲಿ ಕೂಗುವ ಮಾತನ್ನೇ ಬಳಸಿ. ಗೋಲು, ಪಾಸ್, ರೈಡ್, ಖೋ ಎಲ್ಲರಿಗೂ ಗೊತ್ತಿರುವ ಮಾತು. ಅದಕ್ಕೊಂದು ಹೊಸ ಶಬ್ದ ಹುಡುಕಿ ಮಕ್ಕಳನ್ನು ಹೆದರಿಸಬೇಡಿ.

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲವೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆ ಭಾಷೆಯ ಕ್ರೀಡಾ ಪುಸ್ತಕಗಳಿರುತ್ತವೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ಗೆದ್ದ, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ್ ಕರಾಡದ ಹತ್ತಿರದವರು. ಅವರ ಬಗ್ಗೆ ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳಲು ಜತ್ತ, ಸೊಲ್ಲಾಪುರದ ಸದಸ್ಯರಿಗಿಂತ ತಕ್ಕವರು ಯಾರು?

ಆದರೆ ಯಾವ ಅಂಗಡಿಯಲ್ಲೂ, ಯಾವ ಭಾಷೆಯಲ್ಲೂ ಕೊಳ್ಳಲು ಸಿಗದ ಪುಸ್ತಕ ಒಂದಿದೆ. ಅದು ನಮ್ಮ ಊರಿನ ಆಟದ ಚರಿತ್ರೆ. ಕಾಸರಗೋಡಿನ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ ಕಬಡ್ಡಿ ಆಡಿದವರು, ಜಾತ್ರೆಯ ಕುಸ್ತಿ ಕಣದಲ್ಲಿ ಕಡಗ ಗೆದ್ದವರು, ಶಾಲೆಯ ಖೋ ಖೋ ತಂಡದಲ್ಲಿ ಲಂಗ ದಾವಣಿ ಬಿಗಿದು ಓಡಿದವರು ಈಗ ಅಜ್ಜ ಅಜ್ಜಿಯರು. ಅವರ ಹೆಸರು ರಾಜ್ಯದ ದಾಖಲೆಯಲ್ಲಿ ಇರುವುದು ಅಪರೂಪ. ಗಡಿಯ ಆಚೆಯವರ ಪಟ್ಟಿಗೂ ಸೇರದೆ, ಈಚೆಯವರ ಪಟ್ಟಿಗೂ ಸೇರದೆ ಉಳಿದವರು ಎಷ್ಟೋ ಮಂದಿ. ಅವರು ಹೋದರೆ ಆ ಆಟದ ನೆನಪೂ ಹೋಗುತ್ತದೆ.

ಕೊಡಗನ್ನು ನೋಡಿ, ವಯನಾಡಿನ ಸದಸ್ಯರಿಗೆ ಅದು ಪಕ್ಕದ ಅಂಗಳ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ 60 ಕುಟುಂಬಗಳ ತಂಡಗಳಿಂದ ಕೊಡವ ಹಾಕಿ ಉತ್ಸವ ಶುರುವಾಯಿತು. ಈಗ ತಂಡಗಳ ಸಂಖ್ಯೆ 300 ದಾಟಿದೆ. ತಂಡಕ್ಕೆ ಮನೆತನದ ಹೆಸರು, ಹಿರಿಯರೂ ಕಿರಿಯರೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ. ಹಾಗಾಗಿ ಅಲ್ಲಿ ಪಂದ್ಯದ ಪಟ್ಟಿಯೇ ಮನೆತನಗಳ ದಾಖಲೆಯೂ ಆಗುತ್ತದೆ. ನಮ್ಮ ಊರುಗಳಲ್ಲಿ ಹೀಗೆ ತಾನಾಗಿ ದಾಖಲೆ ಆಗುವ ಏರ್ಪಾಡು ಇಲ್ಲ. ನಾವೇ ಬರೆದಿಡಬೇಕು.

ಹೇಗೆ ಬರೆಯುವುದು? ಕಷ್ಟವೇನಿಲ್ಲ. ಒಬ್ಬ ಹಿರಿಯ ಆಟಗಾರರ ಮನೆಗೆ ಇಬ್ಬರು ಹೋಗಿ, ಒಬ್ಬರು ಮಾತಾಡಿಸಿ, ಒಬ್ಬರು ಬರೆದುಕೊಳ್ಳಿ. ಐದು ವಿಷಯ ತಪ್ಪದೆ ಕೇಳಿ: ಯಾವ ಇಸವಿ, ಯಾವ ಮೈದಾನ, ಎದುರಾಳಿ ಯಾರು, ನಿಮಗೆ ಕಲಿಸಿದವರು ಯಾರು, ಆಗಿನ ನಿಯಮ ಏನಿತ್ತು. ಇಸವಿ ನೆನಪಿಲ್ಲದಿದ್ದರೆ ಮದುವೆಗೆ ಮುಂಚೆಯೋ ಆಮೇಲೋ, ಬರಗಾಲದ ವರ್ಷವೋ ಎಂದು ಕೇಳಿದರೆ ನೆನಪು ಬರುತ್ತದೆ. ಪ್ರಮಾಣಪತ್ರ, ಷೀಲ್ಡ್, ಹಳೆಯ ಪತ್ರಿಕೆಯ ತುಣುಕು ಇದ್ದರೆ ಹೇಳಿದ ಮಾತಿನೊಂದಿಗೆ ತಾಳೆ ನೋಡಿ. ತಂಡದ ಫೋಟೋ ಇದ್ದರೆ ಮೊಬೈಲಿನಲ್ಲಿ ತೆಗೆದುಕೊಂಡು, ಎಡದಿಂದ ಬಲಕ್ಕೆ ನಿಂತವರ ಹೆಸರನ್ನು ಅಲ್ಲೇ ಕುಳಿತು ಬರೆಯಿಸಿಕೊಳ್ಳಿ. ಹೆಣ್ಣುಮಕ್ಕಳ ತಂಡಗಳನ್ನು ಮರೆಯಬೇಡಿ. ಮದುವೆಯಾಗಿ ಊರು ಬಿಟ್ಟವರ ಹೆಸರೇ ಮೊದಲು ಮರೆವಿಗೆ ಸಲ್ಲುವುದು. ಬರೆದದ್ದನ್ನು ಅವರಿಗೆ ಓದಿ ಹೇಳಿ, ಪ್ರಕಟಿಸಲು ಒಪ್ಪಿಗೆ ಪಡೆದುಕೊಳ್ಳಿ.

ಕಪಾಟಿಗೆ ಮೊದಲ ಪುಸ್ತಕಗಳು

ಹಣ ಕಡಿಮೆ ಇದ್ದರೆ ಹೀಗೆ ಶುರುಮಾಡಬಹುದು. ನಿಯಮಕ್ಕೆ ಉಚಿತವಾಗಿ ಸಿಗುವ ಈಗಿನ ನಿಯಮಪುಸ್ತಕದ ಮುದ್ರಿತ ಪ್ರತಿ. ತರಬೇತಿಗೆ ವೈನ್ ಅಥವಾ ಚಾರ್ಲ್ಸ್‌ವರ್ತ್. ಬದುಕಿನ ಕಥೆಗೆ ‘ಗೋಲ್’. ಚರಿತ್ರೆಗೆ ಗುಹಾ. ಕುಸ್ತಿಯ ಊರಾದರೆ ಆಲ್ಟರ್, ಮರಾಠಿ ಬಲ್ಲವರಿದ್ದರೆ ‘ವ್ಯಾಯಾಮ ಜ್ಞಾನಕೋಶ’ದ ಒಂದು ಸಂಪುಟ. ಹಳೆಯವು ಅಂಗಡಿಯಲ್ಲಿ ಸಿಗದಿದ್ದರೆ ಹಳೆ ಪುಸ್ತಕದ ಅಂಗಡಿಗಳಲ್ಲಿ, ವಿಶ್ವವಿದ್ಯಾಲಯಗಳ ಮತ್ತು ದೈಹಿಕ ಶಿಕ್ಷಣ ಕಾಲೇಜುಗಳ ಗ್ರಂಥಾಲಯಗಳಲ್ಲಿ ವಿಚಾರಿಸಿ. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ನಿಮ್ಮ ವಾಚನಾಲಯದಲ್ಲಿ ಈಗಾಗಲೇ ಇದ್ದರೆ ಅದರಲ್ಲಿ ಆಟಗಳ ಬಗ್ಗೆ ಇರುವ ಲೇಖನಗಳಿಗೆ ಕಾಗದದ ಗುರುತು ಇಟ್ಟುಬಿಡಿ. ಓದುವಾಗ ಸಂಪುಟದ ಇಸವಿಯನ್ನೂ ನೋಡಿ.

ಅದೇ ಕಪಾಟಿನಲ್ಲಿ ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್ ಇಡಿ. ಅದರ ಮೇಲೆ ನಿಮ್ಮ ಊರಿನ ಹೆಸರು ಬರೆದು, ಕೆಳಗೆ ಈ ವರ್ಷದ ಇಸವಿ ಹಾಕಿ. ನೀವು ಮಾತಾಡಿಸಿ ಬರೆದುಕೊಂಡದ್ದು ಅದಕ್ಕೆ ಸೇರಲಿ. ಒಂದೊಂದು ಪ್ರತಿಯನ್ನು ನಮಗೂ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.